ಅಮೆರಿಕದ ಪಿ.ಇ. ಪರವಾನಗಿ: ಓದೆಷ್ಟು ಬೇಕು, ಅನುಭವ ಎಂಥದ್ದು ಬೇಕು?

ಅಮೆರಿಕದಲ್ಲಿ ಎಂಜಿನಿಯರಿಂಗ್ ನಕ್ಷೆಗೆ ಸಹಿ ಹಾಕಿ ಮುದ್ರೆ ಒತ್ತುವ ಅಧಿಕಾರ ಇರುವುದು ‘ಪ್ರೊಫೆಷನಲ್ ಎಂಜಿನಿಯರ್’ ಪರವಾನಗಿ ಪಡೆದವರಿಗೆ ಮಾತ್ರ. ಚಿಕ್ಕದಾಗಿ ಪಿ.ಇ. ಎನ್ನುತ್ತಾರೆ. ಇದರ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದಾವಣಗೆರೆಯಲ್ಲಿ ಸಿವಿಲ್ ಬಿ.ಇ. ಮಾಡಿದೆ. ಆಮೇಲೆ ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಈಗ ಓಹಾಯೊದ ಒಂದು ವಿನ್ಯಾಸ ಕಚೇರಿಯಲ್ಲಿದ್ದೇನೆ. ಎಂ.ಎಸ್. ಇಲ್ಲಿಯದೇ ಆದ್ದರಿಂದ ಬಿ.ಇ. ಬಗ್ಗೆ ಯಾರೂ ಕೇಳುವುದಿಲ್ಲ ಅನ್ನುತ್ತಾರೆ ಗೆಳೆಯರು. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಗೆಳೆಯರ ಮಾತು ನಂಬಿ ಕೂರಬೇಡಿ. ಪರವಾನಗಿ ಮಂಡಳಿಗಳು ಮೊದಲು ನೋಡುವುದು ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಯನ್ನು, ಅದೂ ಅಬೆಟ್ ಸಂಸ್ಥೆಯ ಮಾನ್ಯತೆ ಪಡೆದದ್ದನ್ನು. ಅಬೆಟ್ ಮಾನ್ಯತೆ ಕೊಡುವುದು ಇಡೀ ವಿಶ್ವವಿದ್ಯಾಲಯಕ್ಕಲ್ಲ, ಒಂದೊಂದು ಕೋರ್ಸಿಗೆ. ಅವುಗಳಲ್ಲಿ ಬಹುಪಾಲು ಬ್ಯಾಚುಲರ್ ಹಂತದವು. ಹೀಗಾಗಿ ಎಷ್ಟೇ ಹೆಸರಾಂತ ವಿಶ್ವವಿದ್ಯಾಲಯದ ಎಂ.ಎಸ್. ಆದರೂ ಅದಕ್ಕೆ ಆ ಮಾನ್ಯತೆ ಇಲ್ಲದಿರುವ ಸಂಭವವೇ ಹೆಚ್ಚು. ಎಂ.ಎಸ್. ಇದ್ದವರಿಗೆ ಓದಿನ ವಿಷಯದಲ್ಲಿ ರಿಯಾಯಿತಿ ಕೊಡುವ ರಾಜ್ಯಗಳೂ ಇವೆ. ಉಳಿದ ಕಡೆ ನಿಮ್ಮ ಬಿ.ಇ. ಅಂಕಪಟ್ಟಿಗಳನ್ನೇ ಬಿಡಿಸಿ ನೋಡುತ್ತಾರೆ, ಇದನ್ನೇ ಮೌಲ್ಯಮಾಪನ ಎನ್ನುವುದು.

ಆದ್ದರಿಂದ ಮೊದಲ ಕೆಲಸ, ಯಾವ ರಾಜ್ಯ ಎಂದು ತೀರ್ಮಾನಿಸುವುದು. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಪರವಾನಗಿ ಎಂಬುದಿಲ್ಲ. 1907ರಲ್ಲಿ ವಯೋಮಿಂಗ್ ಮೊದಲ ಕಾನೂನು ತಂದಾಗಿನಿಂದ ಇದು ರಾಜ್ಯಗಳ ಕೈಯಲ್ಲೇ ಇದೆ. ಪರೀಕ್ಷೆಗಳನ್ನು ಮಾತ್ರ ಎಲ್ಲ ಮಂಡಳಿಗಳ ಪರವಾಗಿ ಎನ್‌ಸಿಇಇಎಸ್ ಎಂಬ ಒಕ್ಕೂಟ ನಡೆಸುತ್ತದೆ. ಅಬೆಟ್ ಪದವಿ, ಎಂಜಿನಿಯರಿಂಗ್ ಮೂಲವಿಷಯಗಳ ಎಫ್.ಇ. ಪರೀಕ್ಷೆ, ನಾಲ್ಕು ವರ್ಷದ ಅನುಭವ, ಪಿ.ಇ. ಪರೀಕ್ಷೆ ಎಂಬುದು ಸಾಮಾನ್ಯ ದಾರಿ. ಆದರೆ ಅಬೆಟ್ ಅಲ್ಲದ ಪದವಿಯವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ರಾಜ್ಯ ರಾಜ್ಯಕ್ಕೆ ತುಂಬಾ ವ್ಯತ್ಯಾಸವಿದೆ. ಟೆಕ್ಸಾಸ್‌ನಲ್ಲಿ ಮಾನ್ಯತೆಯಿರುವ ಪದವಿಗೆ ನಾಲ್ಕು ವರ್ಷದ ಅನುಭವ ಸಾಕು, ಮಾನ್ಯತೆಯಿಲ್ಲದ ಪದವಿಗೆ ಎಂಟು ವರ್ಷ ಬೇಕು. ಕ್ಯಾಲಿಫೋರ್ನಿಯಾದ ಲೆಕ್ಕವೇ ಬೇರೆ: ಓದು, ಅನುಭವ ಎರಡೂ ಸೇರಿ ಆರು ವರ್ಷ ಆಗಬೇಕು. ಅದರಲ್ಲಿ ಅಬೆಟ್ ಪದವಿ ನಾಲ್ಕು ವರ್ಷಕ್ಕೆ ಸಮ, ಮಾನ್ಯತೆಯಿಲ್ಲದ ಎಂಜಿನಿಯರಿಂಗ್ ಪದವಿ ಎರಡು ವರ್ಷಕ್ಕೆ ಸಮ.

ನೀವು ಓಹಾಯೊದಲ್ಲಿ ಇರುವುದರಿಂದ ಅಲ್ಲಿನ ಮಂಡಳಿಯ ನಿಯಮವನ್ನು ಮಂಡಳಿಯ ಜಾಲತಾಣದಲ್ಲೇ ಓದಿ. ಅರ್ಥವಾಗದ್ದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ಉತ್ತರ ಎರಡು ವರ್ಷದ ನಂತರ ಅರ್ಜಿ ಹಾಕುವಾಗ ನೆರವಿಗೆ ಬರುವುದಿಲ್ಲ. ಇದರ ಜೊತೆಗೇ ಎಫ್.ಇ. ಪರೀಕ್ಷೆ ಬರೆದುಬಿಡಿ. ಗಣಿತ, ಸ್ಟ್ಯಾಟಿಕ್ಸ್, ಫ್ಲೂಯಿಡ್ಸ್ ಇನ್ನೂ ನೆನಪಿರುವಾಗ ಅದು ಸುಲಭ, ಹತ್ತು ವರ್ಷ ಬಿಟ್ಟು ಕೂತರೆ ಕಷ್ಟ. ಒಂದು ಎಚ್ಚರಿಕೆ: ಎಫ್.ಇ. ಪಾಸಾದ ಮಾತ್ರಕ್ಕೆ ಹೆಸರಿನ ಮುಂದೆ ಇ.ಐ.ಟಿ. (ಎಂಜಿನಿಯರ್ ಇನ್ ಟ್ರೇನಿಂಗ್) ಎಂದು ಹಾಕಿಕೊಳ್ಳುವಂತಿಲ್ಲ. ಅದಕ್ಕೆ ರಾಜ್ಯದ ಮಂಡಳಿಗೆ ಪ್ರತ್ಯೇಕ ಅರ್ಜಿ ಹಾಕಬೇಕು.

ಪ್ರಶ್ನೆ: ನಮ್ಮ ಕಾಲೇಜಿಗೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ ಇದೆ. ಒಂದು ದೇಶದ ಎಂಜಿನಿಯರಿಂಗ್ ಮಾನ್ಯತೆಯನ್ನು ಇನ್ನೊಂದು ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ ಸಹಿ ಹಾಕಿದೆ. ಹಾಗಿದ್ದರೆ ನಮ್ಮ ಬಿ.ಇ. ಅಬೆಟ್ ಪದವಿಗೆ ಸಮ ಅಲ್ಲವೇ? ಮೌಲ್ಯಮಾಪನ ಏಕೆ ಬೇಕು? (ಮೆಕ್ಯಾನಿಕಲ್ ಪದವೀಧರೆ, ಮೈಸೂರು)

ಉತ್ತರ: ಹೆಚ್ಚು ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಭಾರತದ ಎನ್‌ಬಿಎ 2014ರ ಜೂನ್‌ನಲ್ಲಿ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆಯಿತು. ಆದರೆ ಎನ್‌ಬಿಎ ಎರಡು ಬಗೆಯ ಮಾನ್ಯತೆ ಕೊಡುತ್ತದೆ. ಟಿಯರ್ 1 ಎಂಬುದು ಐಐಟಿ, ಎನ್‌ಐಟಿ, ವಿಶ್ವವಿದ್ಯಾಲಯದ ವಿಭಾಗಗಳು, ಸ್ವಾಯತ್ತ ಕಾಲೇಜುಗಳಂಥ ಸಂಸ್ಥೆಗಳಿಗೆ. ಟಿಯರ್ 2 ಎಂಬುದು ವಿಟಿಯುದಂಥ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವಿಶ್ವವಿದ್ಯಾಲಯಕ್ಕೆ ಸೇರಿ, ಅದರ ಪಠ್ಯಕ್ರಮವನ್ನೇ ಬೋಧಿಸುವ ಕಾಲೇಜುಗಳಿಗೆ. ವಾಷಿಂಗ್ಟನ್ ಒಪ್ಪಂದದ ವ್ಯಾಪ್ತಿಗೆ ಬರುವುದು ಟಿಯರ್ 1 ಮಾತ್ರ. ಕಾಲೇಜಿನ ಫಲಕದಲ್ಲಿ ‘ಎನ್‌ಬಿಎ ಮಾನ್ಯತೆ ಪಡೆದಿದೆ’ ಎಂದಷ್ಟೇ ಬರೆದಿದ್ದರೆ ಸಾಲದು. ನಿಮ್ಮ ಶಾಖೆಗೆ, ನೀವು ಪದವಿ ಮುಗಿಸಿದ ವರ್ಷದಲ್ಲಿ, ಟಿಯರ್ 1 ಮಾನ್ಯತೆ ಚಾಲ್ತಿಯಲ್ಲಿತ್ತೇ ಎಂಬುದನ್ನು ಎನ್‌ಬಿಎ ಪಟ್ಟಿಯಲ್ಲಿ ನೋಡಬೇಕು. ಒಂದೇ ಕಾಲೇಜಿನಲ್ಲಿ ಸಿವಿಲ್‌ಗೆ ಇದ್ದು ಮೆಕ್ಯಾನಿಕಲ್‌ಗೆ ಇಲ್ಲದಿರಬಹುದು. ನೀವು ಓದಿದ ಮೇಲೆ ಬಂದ ಮಾನ್ಯತೆ ನಿಮಗೆ ಉಪಯೋಗಕ್ಕಿಲ್ಲ.

ಇನ್ನೂ ಒಂದು ಮಾತು. ಒಪ್ಪಂದ ಆಗಿರುವುದು ಮಾನ್ಯತೆ ಕೊಡುವ ಸಂಸ್ಥೆಗಳ ನಡುವೆ. ಪರವಾನಗಿ ಕೊಡುವ ರಾಜ್ಯ ಮಂಡಳಿಗಳು ಅದಕ್ಕೆ ಸಹಿ ಹಾಕಿಲ್ಲ. ಟಿಯರ್ 1 ಪದವಿಯನ್ನು ನೇರವಾಗಿ ಒಪ್ಪುವ ರಾಜ್ಯದಲ್ಲಿ ನೀವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೌಲ್ಯಮಾಪನ ಅನಿವಾರ್ಯ.

ಮೌಲ್ಯಮಾಪನದಲ್ಲಿ ಎನ್‌ಸಿಇಇಎಸ್ ನಿಮ್ಮ ಒಂದೊಂದು ವಿಷಯವನ್ನೂ ಗಣಿತ ಮತ್ತು ಮೂಲವಿಜ್ಞಾನ, ಎಂಜಿನಿಯರಿಂಗ್ ವಿಜ್ಞಾನ ಮತ್ತು ವಿನ್ಯಾಸ, ಸಾಮಾನ್ಯ ಶಿಕ್ಷಣ ಎಂಬ ಮೂರು ಗುಂಪಿಗೆ ಹಂಚಿ, ಅಮೆರಿಕದ ಸೆಮಿಸ್ಟರ್ ಕ್ರೆಡಿಟ್‌ಗೆ ಪರಿವರ್ತಿಸಿ ಕೂಡುತ್ತದೆ. ಅಳತೆ ಹೇಗಿರುತ್ತದೆ ಎಂದು ತಿಳಿಯಲು ಅಬೆಟ್‌ನ ಈಗಿನ ಕನಿಷ್ಠ ಮಿತಿ ನೋಡಿ: ಗಣಿತ ಮತ್ತು ಮೂಲವಿಜ್ಞಾನಕ್ಕೆ 30 ಕ್ರೆಡಿಟ್, ಎಂಜಿನಿಯರಿಂಗ್ ವಿಷಯಗಳಿಗೆ 45. ನಮ್ಮ ಬಿ.ಇ.ಯಲ್ಲಿ ಎಂಜಿನಿಯರಿಂಗ್ ವಿಷಯಗಳಿಗೆ ಬರವಿಲ್ಲ, ಆ ಗುಂಪು ಸಾಮಾನ್ಯವಾಗಿ ತುಂಬಿ ತುಳುಕುತ್ತದೆ. ಕೊರತೆ ಬರುವುದು ಉಳಿದ ಎರಡರಲ್ಲಿ. ಸಿ ಪ್ರೋಗ್ರಾಮಿಂಗ್‌ನಂಥ ಕೋರ್ಸನ್ನು ಗಣಿತದ ಗುಂಪಿಗೆ ಸೇರಿಸುವುದಿಲ್ಲ. ಸಾಮಾನ್ಯ ಶಿಕ್ಷಣ ಎಂದರೆ ಇತಿಹಾಸ, ಅರ್ಥಶಾಸ್ತ್ರ, ಮನೋವಿಜ್ಞಾನ, ಸಾಹಿತ್ಯದಂಥವು. ವಿಟಿಯು ಪಠ್ಯದಲ್ಲಿ ಇವು ಬಲು ಕಡಿಮೆ. ಕನ್ನಡ ಪತ್ರಿಕೆ ಇತ್ತಲ್ಲ ಎನ್ನುವವರಿದ್ದಾರೆ, ಆದರೆ ಮಾತೃಭಾಷೆಯನ್ನು ಭಾಷೆಯಾಗಿ ಕಲಿಯುವ ಕೋರ್ಸನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊರತೆ ಕಂಡುಬಂದರೆ ಹೆದರಬೇಕಿಲ್ಲ. ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ಕೋರ್ಸ್ ಮಾಡಿ ತುಂಬಬಹುದು. ಹಣ ಕಟ್ಟುವ ಮೊದಲು ಆ ಕೋರ್ಸನ್ನು ಒಪ್ಪುತ್ತೀರಾ ಎಂದು ಮಂಡಳಿಯನ್ನು ಬರಹದಲ್ಲಿ ಕೇಳಿ.

ಸಮಯ ಹಿಡಿಯುವುದು ಲೆಕ್ಕಾಚಾರಕ್ಕಲ್ಲ, ಕಾಗದಪತ್ರಕ್ಕೆ. ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವಿಷಯ, ಅಂಕಗಳ ಅಧಿಕೃತ ದಾಖಲೆ) ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು, ನೀವು ಸ್ಕ್ಯಾನ್ ಮಾಡಿ ಕಳಿಸಿದ ಅಂಕಪಟ್ಟಿ ನಡೆಯುವುದಿಲ್ಲ. ವಿಟಿಯು ಹುಟ್ಟಿದ್ದು 1998ರಲ್ಲಿ. ಅದಕ್ಕೂ ಮೊದಲಿನ ಬ್ಯಾಚಿನವರಾದರೆ ವಿಟಿಯು ಇರುವ ಬೆಳಗಾವಿಗೆ ಹೋಗಿ ಪ್ರಯೋಜನವಿಲ್ಲ. ಪದವಿ ಕೊಟ್ಟ ಬೆಂಗಳೂರು, ಮೈಸೂರು, ಕರ್ನಾಟಕ, ಕುವೆಂಪು, ಮಂಗಳೂರು, ಗುಲ್ಬರ್ಗ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೇ ಅರ್ಜಿ ಹಾಕಬೇಕು. ನೀವು ಓದಿದ ಸ್ಕೀಮಿನ (ಆ ವರ್ಷಗಳ ಪಠ್ಯಕ್ರಮದ) ಪಠ್ಯವಿವರವನ್ನು ಈಗಲೇ ಇಳಿಸಿಕೊಂಡು ಇಡಿ. ಸ್ಕೀಮು ಬದಲಾದ ಮೇಲೆ ಹಳೆಯದು ಸಿಗುವುದು ಕಷ್ಟ. ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇದ್ದು, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿದ್ದರೆ, ಎರಡೂ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿಕೊಳ್ಳಿ. ಪರೀಕ್ಷೆಗೆ ನೋಂದಾಯಿಸುವಾಗಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆಯಿರಿ. ಹೆಸರು ಹೊಂದದಿದ್ದರೆ ಕೇಂದ್ರದ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ, ಕಟ್ಟಿದ ಶುಲ್ಕವೂ ಹೋಗುತ್ತದೆ.

ಪ್ರಶ್ನೆ: ಡಿಪ್ಲೊಮಾ ಮಾಡಿ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಿದ್ದೆ. ನನಗೆ ಏನಾದರೂ ತೊಂದರೆಯೇ? (ಹುಬ್ಬಳ್ಳಿ)

ಉತ್ತರ: ಇದೆ, ಮೊದಲೇ ತಿಳಿದಿದ್ದರೆ ನಿಭಾಯಿಸಬಹುದು. ಬಿ.ಇ. ಮೊದಲ ವರ್ಷದಲ್ಲಿ ಬರುವ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಎರಡು ಗಣಿತ ಪತ್ರಿಕೆಗಳು ನಿಮ್ಮ ವಿಟಿಯು ಟ್ರಾನ್ಸ್‌ಕ್ರಿಪ್ಟಿನಲ್ಲಿ ಇರುವುದಿಲ್ಲ. ಲ್ಯಾಟರಲ್ ಎಂಟ್ರಿಯವರು ಬರೆಯುವ ಹೆಚ್ಚುವರಿ ಗಣಿತ, ನೀವೆಲ್ಲ ‘ಮ್ಯಾಟ್‌ಡಿಪ್’ ಎನ್ನುವ ಪತ್ರಿಕೆ, ಇತ್ತೀಚಿನ ಸ್ಕೀಮುಗಳಲ್ಲಿ ಪಾಸಾಗಲೇಬೇಕಾದದ್ದು. ಆದರೆ ಅದಕ್ಕೆ ಕ್ರೆಡಿಟ್ ಇಲ್ಲ. ಡಿಪ್ಲೊಮಾದ ವಿಷಯಗಳನ್ನು ಪದವಿ ಮಟ್ಟದವು ಎಂದು ಒಪ್ಪದೇ ಹೋಗುವ ಸಾಧ್ಯತೆಯೂ ಇದೆ. ಹೀಗಾಗಿ ಗಣಿತ ಮತ್ತು ಮೂಲವಿಜ್ಞಾನದ ಗುಂಪು ಬಡವಾಗುತ್ತದೆ. ತಾಂತ್ರಿಕ ಪರೀಕ್ಷಾ ಮಂಡಳಿಯಿಂದ ಡಿಪ್ಲೊಮಾದ ಟ್ರಾನ್ಸ್‌ಕ್ರಿಪ್ಟನ್ನೂ ತಪ್ಪದೆ ಕಳಿಸಿ. ಅದಿಲ್ಲದಿದ್ದರೆ ಮೌಲ್ಯಮಾಪಕರ ಕಣ್ಣಿಗೆ ನಿಮ್ಮದು ಮೂರೇ ವರ್ಷದ ಪದವಿ. ಲ್ಯಾಬ್ ಸಹಿತ ಭೌತಶಾಸ್ತ್ರ, ಲ್ಯಾಬ್ ಸಹಿತ ರಸಾಯನಶಾಸ್ತ್ರ, ಒಂದು ಕ್ಯಾಲ್ಕುಲಸ್, ಹೀಗೆ ಎರಡು ಮೂರು ಕೋರ್ಸ್ ಹೆಚ್ಚಿಗೆ ಮಾಡಬೇಕಾಗಬಹುದು ಎಂದುಕೊಂಡೇ ಹಣ ಮತ್ತು ಸಮಯ ಎತ್ತಿಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸೇತುವೆ ಮತ್ತು ಎತ್ತರಿಸಿದ ರಸ್ತೆಗಳ ಗುತ್ತಿಗೆದಾರರ ಬಳಿ ಆರು ವರ್ಷ ಸೈಟ್ ಎಂಜಿನಿಯರ್ ಆಗಿದ್ದೆ. ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಆ ಆರು ವರ್ಷ ಲೆಕ್ಕಕ್ಕೆ ಬರುತ್ತದೆಯೇ? ಅಲ್ಲಿ ನನ್ನ ಮೇಲಧಿಕಾರಿಗಳಲ್ಲಿ ಯಾರೂ ಪಿ.ಇ. ಅಲ್ಲ.

ಉತ್ತರ: ಆರು ವರ್ಷ ಪೂರ್ತಿ ಬರುವುದು ಅನುಮಾನ. ಪೂರ್ತಿ ಹೋಗುತ್ತದೆ ಎಂದೂ ಇಲ್ಲ. ಎಷ್ಟು ಉಳಿಯುತ್ತದೆ ಎಂಬುದು ನೀವು ಏನು ಮಾಡಿದಿರಿ, ಅದನ್ನು ಹೇಗೆ ಬರೆಯುತ್ತೀರಿ, ಯಾರು ದೃಢೀಕರಿಸುತ್ತಾರೆ ಎಂಬ ಮೂರರ ಮೇಲೆ ನಿಂತಿದೆ.

ಮಂಡಳಿ ಕೇಳುವುದು ‘ಏರುತ್ತ ಹೋಗುವ’ ಎಂಜಿನಿಯರಿಂಗ್ ಅನುಭವ. ಮೊದಲ ವರ್ಷ ಬೇರೊಬ್ಬರು ಹೇಳಿದ ಲೆಕ್ಕ ಮಾಡಿದವರು ನಾಲ್ಕನೇ ವರ್ಷಕ್ಕೆ ತಾವೇ ಆಯ್ಕೆಗಳನ್ನು ತೂಗಿ ತೀರ್ಮಾನ ಕೊಡುವಂತಾಗಿರಬೇಕು. ನಾಲ್ಕು ವರ್ಷವೂ ಒಂದೇ ಕೆಲಸ ಮಾಡಿದ್ದರೆ ಅದನ್ನು ಒಂದೇ ವರ್ಷದ ಅನುಭವ ನಾಲ್ಕು ಸಲ ಎಂದು ನೋಡುತ್ತಾರೆ. ಆಳುಗಳ ಹಾಜರಿ, ಸಾಮಾನು ತರಿಸುವುದು, ಅಳತೆ ಪುಸ್ತಕ (ಎಂ.ಬಿ.) ಬರೆಯುವುದು, ಕೆಲಸ ನಡೆದಂತೆ ಕೊಡುವ ಆರ್‌ಎ ಬಿಲ್ ಮಾಡುವುದು, ಕೊಟ್ಟ ನಕ್ಷೆಯಂತೆ ಕಂಬಿ ಕಟ್ಟಿದ್ದಾರೆಯೇ ಎಂದು ಎಣಿಸುವುದು, ಇವೆಲ್ಲ ಸೈಟಿಗೆ ಜೀವಾಳವಾದರೂ ಪರವಾನಗಿಯ ಲೆಕ್ಕಕ್ಕೆ ಬರುವುದಿಲ್ಲ. ಇವುಗಳಲ್ಲಿ ಎಂಜಿನಿಯರಿಂಗ್ ತತ್ವ ಬಳಸಿ ನೀವು ಮಾಡಿದ ತೀರ್ಮಾನ ಇಲ್ಲ ಎಂಬುದು ಅವರ ವಾದ.

ಆದರೆ ಸೈಟಿನಲ್ಲಿ ಅಂಥ ತೀರ್ಮಾನಗಳು ದಿನವೂ ನಡೆಯುತ್ತವೆ, ನಾವು ಬರೆದಿಡುವುದಿಲ್ಲ ಅಷ್ಟೆ. ಅರ್ಜಿಯಲ್ಲಿ ‘ಮೂರು ಸೇತುವೆಗಳ ಕಾಮಗಾರಿಯ ಮೇಲ್ವಿಚಾರಣೆ ವಹಿಸಿ ಗುಣಮಟ್ಟ ಖಾತರಿಪಡಿಸಿದೆ’ ಎಂದು ಬರೆದರೆ ಅದು ಸೊನ್ನೆ. ಅದೇ ಕೆಲಸವನ್ನು ಹೀಗೆ ಬರೆಯಬಹುದು: ‘ಡೆಕ್ ಸ್ಲ್ಯಾಬಿನ ಸ್ಟೇಜಿಂಗ್ (ತಾತ್ಕಾಲಿಕ ಆಧಾರ) ವಿನ್ಯಾಸ ಮಾಡಿದೆ. ಹಸಿ ಕಾಂಕ್ರೀಟು, ಸೆಂಟ್ರಿಂಗ್, ಕೆಲಸಗಾರರು ಮತ್ತು ಯಂತ್ರಗಳ ಭಾರ ಕೂಡಿ ಒಂದೊಂದು ಕಂಬಕ್ಕೆ ಬೀಳುವ ಹೊರೆ ಲೆಕ್ಕ ಹಾಕಿ, ಕಂಬ ಬಾಗದಂತೆ ಅಡ್ಡಪಟ್ಟಿಗಳ ಅಂತರ ನಿಗದಿ ಮಾಡಿದೆ. ಕೆಳಗಿನ ತುಂಬಿದ ಮಣ್ಣಿನ ಧಾರಣಶಕ್ತಿ ಸಾಲದೆ ಬಂದಾಗ ತಳದ ಪ್ಲೇಟಿನ ಅಗಲ ಹೆಚ್ಚಿಸಲು ಶಿಫಾರಸು ಮಾಡಿದೆ, ಅದನ್ನು ಮೇಲಧಿಕಾರಿ ಪರಿಶೀಲಿಸಿ ಒಪ್ಪಿದರು.’ ಇಲ್ಲಿ ಹೊರೆ ಇದೆ, ಲೆಕ್ಕ ಇದೆ, ಎದುರಾದ ತೊಡಕು ಇದೆ, ನಿಮ್ಮ ತೀರ್ಮಾನ ಇದೆ, ಮೇಲಿನವರ ಪರಿಶೀಲನೆಯೂ ಇದೆ. ಒಂದೊಂದು ಕೆಲಸಕ್ಕೂ ಈ ಐದೂ ಬರುವಂತೆ ಬರೆಯಿರಿ. ‘ನಾವು ಮಾಡಿದೆವು’ ಎಂಬುದು ನಮ್ಮಲ್ಲಿ ವಿನಯ, ಅರ್ಜಿಯಲ್ಲಿ ಮಾತ್ರ ಅದು ನಷ್ಟ. ತಂಡದ ಕೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಓದುವವರಿಗೆ ತಿಳಿಯುವುದೇ ಇಲ್ಲ. ‘ಸಹಾಯ ಮಾಡಿದೆ’, ‘ಪಾಲ್ಗೊಂಡೆ’, ‘ಸಮನ್ವಯ ಮಾಡಿದೆ’ ಎಂಬ ಕ್ರಿಯಾಪದಗಳನ್ನೂ ಬಿಡಿ. ಮಾಡದ ಕೆಲಸವನ್ನಂತೂ ಬರೆಯಲೇಬೇಡಿ. ಸುಳ್ಳು ಅನುಭವ ಕೊಟ್ಟವರ ಅರ್ಜಿ ತಿರಸ್ಕಾರವಾಗುತ್ತದೆ, ಪರವಾನಗಿ ಸಿಕ್ಕಿದ ಮೇಲೂ ಅದನ್ನು ಕಿತ್ತುಕೊಳ್ಳಬಹುದು.

ಇನ್ನು ದೃಢೀಕರಣ. ಪಿ.ಇ. ಕೈಕೆಳಗೆ ಮಾಡಿದ ಕೆಲಸಕ್ಕೇ ಮಂಡಳಿಗಳು ಹೆಚ್ಚು ಬೆಲೆ ಕೊಡುತ್ತವೆ. ಭಾರತದಲ್ಲಿ ವಕೀಲರಿಗೆ 1961ರ ಕಾಯ್ದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇರುವಂತೆ ಎಂಜಿನಿಯರ್‌ಗಳಿಗೆ ದೇಶವ್ಯಾಪಿ ಪರವಾನಗಿ ಕಾನೂನು ಇಲ್ಲ. ಆದ್ದರಿಂದ ಮೇಲಧಿಕಾರಿ ಪಿ.ಇ. ಆಗಿರಲು ಸಾಧ್ಯವೇ ಇರಲಿಲ್ಲ ಎಂದು ಅರ್ಜಿಯಲ್ಲಿ ವಿವರಿಸಿ, ಅವರ ಪದವಿ, ಹುದ್ದೆ, ಇದ್ದರೆ ಚಾರ್ಟರ್ಡ್ ಎಂಜಿನಿಯರ್ ಅರ್ಹತೆಯನ್ನು ತಿಳಿಸಬೇಕು. ಒಪ್ಪುವುದು ಬಿಡುವುದು ಮಂಡಳಿಗೆ ಬಿಟ್ಟದ್ದು. ಒಪ್ಪಿದರೂ ಕನಿಷ್ಠ ಒಂದಿಷ್ಟು ಕಾಲ ಅಮೆರಿಕದ ಕೋಡ್‌ಗಳ (ವಿನ್ಯಾಸ ನಿಯಮಗಳ) ಮೇಲೆ, ಅಮೆರಿಕದ ಪಿ.ಇ. ಕೈಕೆಳಗೆ ಕೆಲಸ ಮಾಡಿರುವುದನ್ನು ನೋಡಲು ಬಯಸುತ್ತಾರೆ. ಈಗಿನ ಕಚೇರಿಯಲ್ಲಿ ಯಾವ ಪಿ.ಇ. ನಿಮ್ಮ ಲೆಕ್ಕಗಳನ್ನು ಪರಿಶೀಲಿಸುತ್ತಾರೆ ಎಂಬುದನ್ನು ಇವತ್ತೇ ಖಚಿತ ಮಾಡಿಕೊಳ್ಳಿ. ನಿಮ್ಮ ಓದು, ಅನುಭವದ ವಿವರಗಳನ್ನು ಒಂದೆಡೆ ಇಡುವ ಎನ್‌ಸಿಇಇಎಸ್ ದಾಖಲೆ ತೆರೆಯಲು ಐದು ಜನರ ಶಿಫಾರಸು ಬೇಕು, ಅವರಲ್ಲಿ ಮೂವರಾದರೂ ಪಿ.ಇ. ಇರಬೇಕು.

ಕೆಲಸ ಬಿಡುವ ಹೊತ್ತಿಗೇ ಅನುಭವದ ವಿವರ ಬರೆದು ಮೇಲಧಿಕಾರಿಗೆ ಓದಲು ಕೊಡಿ. ಕಂಪನಿ ಮುಚ್ಚುತ್ತದೆ, ಸಾಹೇಬರು ನಿವೃತ್ತರಾಗುತ್ತಾರೆ, ಕಂಪನಿಯ ಇಮೇಲ್ ವಿಳಾಸ ಸತ್ತುಹೋಗುತ್ತದೆ. ಎಷ್ಟೋ ಒಳ್ಳೆಯ ಅರ್ಜಿಗಳು ಹಿಂದೆ ಬೀಳುವುದು ಇದರಿಂದಲೇ. ಅವರ ಸ್ವಂತ ಇಮೇಲ್ ಮತ್ತು ಫೋನ್ ನಂಬರ್ ಇಟ್ಟುಕೊಂಡಿರಿ. ಪದವಿಯಿಂದ ಇವತ್ತಿನವರೆಗೆ ತಿಂಗಳು ತಿಂಗಳ ಲೆಕ್ಕ ಕೊಡಬೇಕು. ಕೆಲಸವಿಲ್ಲದೆ ಇದ್ದ ಅವಧಿಯನ್ನೂ ಹಾಗೆಂದೇ ತೋರಿಸಿ. ಎಂ.ಎಸ್.ಗೆ ಹಲವು ರಾಜ್ಯಗಳು ಒಂದು ವರ್ಷದ ಅನುಭವ ಎಂದು ಕೊಡುತ್ತವೆ. ಆದರೆ ಓದುತ್ತಲೇ ಮಾಡಿದ ಕೆಲಸವನ್ನೂ ಎಂ.ಎಸ್. ಅನ್ನೂ ಒಂದೇ ಅವಧಿಗೆ ಎರಡು ಸಲ ಎಣಿಸಲು ಬಿಡುವುದಿಲ್ಲ.

ಪ್ರಶ್ನೆ: ಪರೀಕ್ಷೆ ಹೇಗಿರುತ್ತದೆ? ವಿಟಿಯುದಲ್ಲಿ ಚೆನ್ನಾಗಿ ಅಂಕ ತೆಗೆದವರೂ ಏಕೆ ಫೇಲಾಗುತ್ತಾರೆ? (ಶಿವಮೊಗ್ಗ)

ಉತ್ತರ: ಎಫ್.ಇ.ಯಲ್ಲಿ 110 ಪ್ರಶ್ನೆ, ಬರೆಯಲು 5 ಗಂಟೆ 20 ನಿಮಿಷ. ಪ್ರಶ್ನೆಗೆ ಮೂರು ನಿಮಿಷಕ್ಕೂ ಕಡಿಮೆ. ಪಿ.ಇ. ಸಿವಿಲ್‌ನಲ್ಲಿ 80 ಪ್ರಶ್ನೆ, 8 ಗಂಟೆ, ಅಂದರೆ ತಲಾ ಆರು ನಿಮಿಷ. ಎರಡೂ ಕಂಪ್ಯೂಟರಿನಲ್ಲೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಮೂರು ತಿಂಗಳ ಒಂದು ಅವಧಿಯಲ್ಲಿ ಎಫ್.ಇ. ಒಮ್ಮೆ ಮಾತ್ರ, ಹನ್ನೆರಡು ತಿಂಗಳಲ್ಲಿ ಮೂರು ಸಲ ಮಾತ್ರ ಬರೆಯಬಹುದು.

ನಮ್ಮವರು ಸೋಲುವುದು ವಿಷಯ ಗೊತ್ತಿಲ್ಲದೆ ಅಲ್ಲ. ಒಂದು ದೊಡ್ಡ ಪ್ರಶ್ನೆಗೆ ಇಪ್ಪತ್ತು ಅಂಕದ ಉತ್ತರ ಬರೆದು ಅಭ್ಯಾಸವಾದವರಿಗೆ ಮೂರು ನಿಮಿಷದಲ್ಲಿ ಬಿಟ್ಟು ಮುಂದೆ ಹೋಗುವುದು ಒಗ್ಗುವುದಿಲ್ಲ. ಸೂತ್ರಗಳ ಕೈಪಿಡಿ ಪರದೆಯ ಮೇಲೇ ಕೊಡುತ್ತಾರೆ, ಅದನ್ನು ಎನ್‌ಸಿಇಇಎಸ್ ಖಾತೆಯಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅಭ್ಯಾಸದ ಮೊದಲ ದಿನದಿಂದ ಅದನ್ನೇ ತೆರೆದಿಟ್ಟು, ಪದ ಹುಡುಕಿ ಸೂತ್ರ ತೆಗೆಯುವುದನ್ನು ರೂಢಿಸಿಕೊಳ್ಳಿ. ಬೇರೆ ಪುಸ್ತಕದಿಂದ ಓದಿದವರಿಗೆ ಪರೀಕ್ಷೆಯ ದಿನ ಸೂತ್ರ ಎಲ್ಲಿದೆ ಎಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಕ್ಯಾಲ್ಕುಲೇಟರ್ ಕೆಲವೇ ಮಾದರಿಗಳಿಗೆ ಅನುಮತಿ. ಕಾಲೇಜಿನಲ್ಲಿ ಬಳಸಿದ ಕ್ಯಾಸಿಯೊ ಎಫ್‌ಎಕ್ಸ್-991 ಆ ಪಟ್ಟಿಯಲ್ಲಿದೆ. ಹೊಸದು ಕೊಳ್ಳದೆ ಬೆರಳಿಗೆ ಪಳಗಿದ ಅದನ್ನೇ ಒಯ್ಯಿರಿ.

ಮಾನಗಳು ಎರಡನೇ ಅಡ್ಡಿ. ಪೌಂಡ್ ಬಲವೂ ಹೌದು, ದ್ರವ್ಯರಾಶಿಯೂ ಹೌದು. ಗುರುತ್ವ ವೇಗೋತ್ಕರ್ಷದ ಅಂಕಿ 32.2ರಿಂದ ಎಲ್ಲಿ ಭಾಗಿಸಬೇಕು, ಎಲ್ಲಿ ಬೇಡ ಎಂಬಲ್ಲೇ ಫ್ಲೂಯಿಡ್ಸ್ ಮತ್ತು ಡೈನಾಮಿಕ್ಸ್ ಪ್ರಶ್ನೆಗಳು ಕೈತಪ್ಪುತ್ತವೆ. ಒಂದು ಕಿಪ್ ಎಂದರೆ ಸಾವಿರ ಪೌಂಡ್ ಬಲ, 4.448 ಕಿಲೊನ್ಯೂಟನ್. ಕಂಬಿಗಳ ನಂಬರು ಇಂಚಿನ ಎಂಟನೇ ಒಂದು ಭಾಗದಲ್ಲಿ: 5ನೇ ನಂಬರಿನ ಕಂಬಿ ಎಂದರೆ ಎಂಟನೇ ಐದು ಇಂಚು, ನಮ್ಮ 16 ಮಿ.ಮೀ.ಗೆ ಹತ್ತಿರ.

ಪಿ.ಇ. ಸ್ಟ್ರಕ್ಚರಲ್ ಬರೆಯುವವರು ಭಾರತದ ಕಾಂಕ್ರೀಟ್ ಕೋಡ್ ಐಎಸ್ 456 ಅನ್ನು ತಲೆಯಿಂದ ಪಕ್ಕಕ್ಕಿಟ್ಟು ಅಮೆರಿಕದ ಎಸಿಐ 318 ಕಲಿಯಬೇಕು. ನಮ್ಮ ಎಂ30 ಕಾಂಕ್ರೀಟಿನ ಅಂಕಿ ಎಂದರೆ 150 ಮಿ.ಮೀ. ಘನದ ಬಲ, ಅವರದು ಸಿಲಿಂಡರಿನ ಬಲ. ಸಿಲಿಂಡರಿನದು ಘನದ ಸುಮಾರು 0.8 ಪಟ್ಟು, ಹೀಗಾಗಿ ನಮ್ಮ ಎಂ30 ಅವರ ಲೆಕ್ಕದಲ್ಲಿ 24 ಮೆಗಾಪಾಸ್ಕಲ್, ಹತ್ತಿರ ಹತ್ತಿರ 3500 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಕಟ್ಟಡದ ಸ್ವಂತ ಭಾರ, ಬಳಕೆಯ ಭಾರ ಎರಡನ್ನೂ ನಾವು 1.5ರಿಂದ ಗುಣಿಸಿದರೆ ಅವರು ಸ್ವಂತ ಭಾರವನ್ನು 1.2ರಿಂದ, ಬಳಕೆಯ ಭಾರವನ್ನು 1.6ರಿಂದ ಗುಣಿಸುತ್ತಾರೆ. ನಾವು ಕಾಂಕ್ರೀಟಿನ ಬಲವನ್ನು 1.5ರಿಂದ, ಉಕ್ಕಿನದನ್ನು 1.15ರಿಂದ ಭಾಗಿಸುತ್ತೇವೆ. ಅವರು ಸಾಮಗ್ರಿಯ ಬಲವನ್ನು ಮುಟ್ಟದೆ ಕೊನೆಯಲ್ಲಿ ಇಡೀ ತೊಲೆಯ ಸಾಮರ್ಥ್ಯವನ್ನು 0.9ರಂಥ ಅಂಕಿಯಿಂದ ಗುಣಿಸುತ್ತಾರೆ. ಎರಡನ್ನೂ ಬೆರೆಸಿದರೆ ಬರುವ ತಪ್ಪು ಉತ್ತರ ಆಯ್ಕೆಗಳ ಪೈಕಿ ಒಂದಾಗಿ ಎದುರಿಗೇ ಕೂತಿರಬಹುದು.

ಪ್ರಶ್ನೆ: ಬೆಂಗಳೂರಿನ ನಮ್ಮ ಕಚೇರಿ ಅಮೆರಿಕದ ಯೋಜನೆಗಳಿಗೆ ಉಕ್ಕಿನ ವಿವರ ನಕ್ಷೆಗಳನ್ನು ಮಾಡಿಕೊಡುತ್ತದೆ. ಮುದ್ರೆ ಹಾಕುವ ಅಲ್ಲಿನ ಎಂಜಿನಿಯರ್ ಸಣ್ಣ ಬದಲಾವಣೆಗೂ ಲೆಕ್ಕ ಕೇಳಿ ವಾರಗಟ್ಟಲೆ ತಡೆಯುತ್ತಾರೆ. ಇಷ್ಟೊಂದು ಏಕೆ?

ಉತ್ತರ: ಅವರು ಮಾಡುತ್ತಿರುವುದು ಸರಿ. ಮುದ್ರೆ ಒತ್ತಿದವರು ಆ ಕೆಲಸವನ್ನು ಮೊದಲಿನಿಂದ ತಮ್ಮ ಹತೋಟಿಯಲ್ಲಿ ಇಟ್ಟುಕೊಂಡಿರಬೇಕು ಎನ್ನುತ್ತದೆ ಕಾನೂನು. ಬೇರೆಯವರು ಮುಗಿಸಿ ತಂದ ನಕ್ಷೆಗೆ ಹಣ ಪಡೆದು ಮುದ್ರೆ ಒತ್ತುವುದು ಅಪರಾಧ.

1981ರ ಜುಲೈ 17ರಂದು ಕ್ಯಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಎರಡು ತೂಗು ನಡೆದಾರಿಗಳು ಕುಸಿದು 114 ಜನ ಸತ್ತರು. ಮೊದಲ ನಕ್ಷೆಯಲ್ಲಿ ಚಾವಣಿಯಿಂದ ಇಳಿಬಿದ್ದ ಒಂದೇ ಉದ್ದನೆಯ ಸರಳು ನಾಲ್ಕನೇ ಮಹಡಿಯ ದಾರಿಯನ್ನೂ ಎರಡನೇ ಮಹಡಿಯದನ್ನೂ ಹೊರುತ್ತಿತ್ತು. ಅಷ್ಟುದ್ದದ ಸರಳಿಗೆ ನಟ್ಟು ಕೂರಿಸುವ ತಿರುಪಿನ ಗೆರೆ ಕೊರೆಯುವುದು ಕಷ್ಟವೆಂದು ತಯಾರಿಕೆಯ ಹಂತದಲ್ಲಿ ಅದನ್ನು ಎರಡು ತುಂಡು ಮಾಡಿದರು. ಚಾವಣಿಯಿಂದ ನಾಲ್ಕನೇ ಮಹಡಿಗೆ ಒಂದು, ಅಲ್ಲಿಂದ ಎರಡನೇ ಮಹಡಿಗೆ ಇನ್ನೊಂದು. ಕಾಗದದ ಮೇಲೆ ಸಣ್ಣ ಬದಲಾವಣೆ. ಆದರೆ ಕೆಳಗಿನ ದಾರಿಯ ಭಾರವೂ ಮೇಲಿನ ತೊಲೆಗೇ ಬಿದ್ದು, ಅದರ ಕೆಳಗಿನ ನಟ್ಟಿನ ಮೇಲೆ ಹೊರೆ ಇಮ್ಮಡಿಯಾಯಿತು. ಮೊದಲ ವಿನ್ಯಾಸವೇ ನಗರದ ಕೋಡ್ ಕೇಳುವ ಬಲದ ಸುಮಾರು 60 ಶೇಕಡಾ ಮಾತ್ರ ಇತ್ತು. ಆ ಜೋಡಣೆಯ ಲೆಕ್ಕವನ್ನು ಯಾರೂ ಮಾಡದೆ ಬದಲಾದ ನಕ್ಷೆಗೆ ಒಪ್ಪಿಗೆ ಬಿದ್ದಿತ್ತು. ಹೊಣೆ ಹೊತ್ತ ಎಂಜಿನಿಯರ್‌ಗಳು ಮಿಸೌರಿಯ ಪರವಾನಗಿ ಕಳೆದುಕೊಂಡರು. ಇಂದು ನಿಮ್ಮ ಕಚೇರಿಗೆ ಬರುವ ‘ಈ ಜೋಡಣೆಯ ಲೆಕ್ಕ ಕಳಿಸಿ’ ಎಂಬ ಮಾತಿನ ಹಿಂದೆ ಇರುವುದು ಇದು. ಬದಲಾವಣೆ ಸೂಚಿಸುವಾಗಲೇ ಭಾರ ಹರಿಯುವ ದಾರಿಯ ಚಿತ್ರ, ಬೋಲ್ಟು ಮತ್ತು ಬೆಸುಗೆಯ ಲೆಕ್ಕ ಲಗತ್ತಿಸಿ ಕಳಿಸಿ. ವಾರದ ಕೆಲಸ ಎರಡು ದಿನಕ್ಕೆ ಇಳಿಯುತ್ತದೆ. ಆ ಪಿ.ಇ. ನಿಮ್ಮ ಲೆಕ್ಕಗಳನ್ನು ನಿಯಮಿತವಾಗಿ ಪರಿಶೀಲಿಸುತ್ತಿದ್ದರೆ ಮುಂದೆ ನಿಮ್ಮ ಅನುಭವವನ್ನು ದೃಢೀಕರಿಸಲೂ ಅವರೇ ಸೂಕ್ತ.

ಪ್ರಶ್ನೆ: ಕಾಲೇಜಿಗೆ ಹೋಗದೆ ಪರೀಕ್ಷೆ ಬರೆದು ಪಡೆಯುವ ಎಎಂಐಇ ಪಾಸಾದವರಿಗೆ ಅವಕಾಶ ಇದೆಯೇ? (ಕಲಬುರಗಿ)

ಉತ್ತರ: ಭಾರತದಲ್ಲೇ 2013ರ ಮೇ 31ರವರೆಗೆ ನೋಂದಾಯಿಸಿದವರ ಎಎಂಐಇಗೆ ಮಾತ್ರ ಪದವಿಗೆ ಸಮಾನ ಎಂಬ ಸರ್ಕಾರಿ ಮನ್ನಣೆ ಉಂಟು. ಅಮೆರಿಕದ ಮೌಲ್ಯಮಾಪನ ತರಗತಿ, ಲ್ಯಾಬ್, ಕ್ರೆಡಿಟ್ ಲೆಕ್ಕದಲ್ಲಿ ನಡೆಯುವುದರಿಂದ ಪರೀಕ್ಷೆ ಮಾತ್ರ ಬರೆದು ಪಡೆದ ಅರ್ಹತೆಗೆ ಅಲ್ಲಿ ದಾರಿ ಕಿರಿದು. ಪದವಿಯಿಲ್ಲದೆ ದೀರ್ಘ ಅನುಭವದ ಮೇಲೆ ಅರ್ಜಿ ಸ್ವೀಕರಿಸುವ ಕ್ಯಾಲಿಫೋರ್ನಿಯಾದಂಥ ರಾಜ್ಯವನ್ನು ಮೊದಲು ವಿಚಾರಿಸಿ.

ಪ್ರಶ್ನೆ: ಸಾಫ್ಟ್‌ವೇರ್ ಎಂಜಿನಿಯರ್‌ಗೆ ಪಿ.ಇ. ಬೇಕೇ?

ಉತ್ತರ: ಬೇಡ. ಕಂಪನಿಯ ಒಳಗೆ, ಕಂಪನಿಯ ಉತ್ಪನ್ನಕ್ಕಾಗಿ ಕೆಲಸ ಮಾಡುವವರಿಗೆ ಹೆಚ್ಚಿನ ರಾಜ್ಯಗಳಲ್ಲಿ ವಿನಾಯಿತಿ ಇದೆ. ಸಾಫ್ಟ್‌ವೇರ್ ವಿಭಾಗದ ಪಿ.ಇ. ಪರೀಕ್ಷೆಯನ್ನು ಬರೆಯುವವರಿಲ್ಲದೆ 2019ರ ಏಪ್ರಿಲ್ ನಂತರ ನಿಲ್ಲಿಸಿದ್ದಾರೆ.

ಪ್ರಶ್ನೆ: ಕೆನಡಾದ ನಿಯಮ ಬೇರೆಯೇ? ಟೊರಾಂಟೊಗೆ ಹೋಗುವವರಿದ್ದೇವೆ. (ಎಲೆಕ್ಟ್ರಿಕಲ್ ದಂಪತಿ, ಉಡುಪಿ)

ಉತ್ತರ: ಬೇರೆ. ಅಲ್ಲಿಯೂ ಪ್ರಾಂತ್ಯಗಳದೇ ಅಧಿಕಾರ, ಟೊರಾಂಟೊ ಇರುವ ಒಂಟಾರಿಯೊದಲ್ಲಿ ಪಿಇಒ ಎಂಬ ಸಂಸ್ಥೆ. 48 ತಿಂಗಳ ಅನುಭವ ಬೇಕು. ಅದರಲ್ಲಿ ಒಂದು ವರ್ಷ ಕೆನಡಾದ್ದೇ ಆಗಿರಬೇಕು ಎಂಬ ಹಳೆಯ ನಿಯಮವನ್ನು 2023ರ ಮೇ ತಿಂಗಳಲ್ಲಿ ತೆಗೆದುಹಾಕಿದರು. ಭಾರತದಲ್ಲಿ ಗಟ್ಟಿ ಅನುಭವ ಇರುವ ನಿಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಅನುಭವವನ್ನು ವರ್ಷಗಳ ಲೆಕ್ಕದಲ್ಲಷ್ಟೇ ಅಲ್ಲ, ಸಾಮರ್ಥ್ಯಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಬ್ರಿಟಿಷ್ ಕೊಲಂಬಿಯಾದಲ್ಲಿ ರೂಪುಗೊಂಡ ಪದ್ಧತಿಯಲ್ಲಿ ಏಳು ಗುಂಪುಗಳಲ್ಲಿ 34 ಸಾಮರ್ಥ್ಯಗಳಿದ್ದು, ಒಂದೊಂದಕ್ಕೂ ಸನ್ನಿವೇಶ, ನೀವು ಮಾಡಿದ್ದು, ಫಲಿತಾಂಶ ಎಂದು ಉದಾಹರಣೆ ಬರೆಯಬೇಕು. ಎನ್‌ಪಿಪಿಇ ಎಂಬುದು ಕಾನೂನು ಮತ್ತು ವೃತ್ತಿನೀತಿಯ ಪರೀಕ್ಷೆ, ಎರಡೂವರೆ ಗಂಟೆಯಲ್ಲಿ 110 ಪ್ರಶ್ನೆ. ಟ್ರಾನ್ಸ್‌ಕ್ರಿಪ್ಟುಗಳನ್ನು ವಿಮಾನ ಹತ್ತುವ ಮೊದಲೇ ಕಳಿಸಿಬಿಡಿ.

ಪ್ರಶ್ನೆ: ಟೆಕ್ಸಾಸ್‌ನ ಸಿವಿಲ್ ಪಿ.ಇ. ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕೆಲಸ ಬದಲಾಗುತ್ತಿದೆ. ಮತ್ತೆ ಎಲ್ಲ ಪರೀಕ್ಷೆ ಬರೆಯಬೇಕೇ?

ಉತ್ತರ: ಎಫ್.ಇ., ಪಿ.ಇ. ಮತ್ತೆ ಬೇಡ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್‌ನವರು ಭೂಕಂಪ ತತ್ವ ಮತ್ತು ಎಂಜಿನಿಯರಿಂಗ್ ಸರ್ವೇ ಎಂಬ ಎರಡು ರಾಜ್ಯ ಪರೀಕ್ಷೆಗಳನ್ನು ಬರೆಯಲೇಬೇಕು, ಒಂದೊಂದೂ ಎರಡೂವರೆ ಗಂಟೆ, 55 ಪ್ರಶ್ನೆ. ಜೊತೆಗೆ ರಾಜ್ಯದ ಕಾನೂನಿನ ಪರೀಕ್ಷೆ. ಕಟ್ಟಡ ವಿನ್ಯಾಸದವರು ಸರ್ವೇಯನ್ನು ಹಗುರವಾಗಿ ತೆಗೆದುಕೊಂಡು ಅದರಲ್ಲೇ ಸಿಕ್ಕಿಬೀಳುತ್ತಾರೆ. ಲಂಬ ಮತ್ತು ಅಡ್ಡ ವಕ್ರರೇಖೆ, ಲೆವೆಲಿಂಗ್, ಟ್ರಾವರ್ಸ್ ಲೆಕ್ಕ, ಮಣ್ಣು ಅಗೆತ ತುಂಬುವಿಕೆಯ ಗಾತ್ರ, ಇವನ್ನು ಕೈಯಿಂದ ಮಾಡಿ ಅಭ್ಯಾಸ ಮಾಡಿ. ಶಿಫಾರಸು ಕೊಡುವ ನಾಲ್ವರು ಪರವಾನಗಿ ಪಡೆದ ಸಿವಿಲ್ ಎಂಜಿನಿಯರ್‌ಗಳನ್ನು ಟೆಕ್ಸಾಸ್ ಬಿಡುವ ಮೊದಲೇ ಮಾತಾಡಿಸಿಕೊಳ್ಳಿ. ಟೆಕ್ಸಾಸ್ ಪರವಾನಗಿಯನ್ನು ಉಳಿಸಿಕೊಳ್ಳುವುದಾದರೆ ವರ್ಷಕ್ಕೆ 15 ಗಂಟೆಯ ವೃತ್ತಿಶಿಕ್ಷಣ ಮುಂದುವರಿಸಬೇಕು, ಅದರಲ್ಲಿ ಒಂದು ಗಂಟೆ ವೃತ್ತಿನೀತಿಯದು. ಕ್ಯಾಲಿಫೋರ್ನಿಯಾದ ನಂಬರು ಕೈಗೆ ಬರುವವರೆಗೆ ಅಲ್ಲಿನ ನಕ್ಷೆಗೆ ಟೆಕ್ಸಾಸ್ ಮುದ್ರೆ ಒತ್ತುವಂತಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಪಿ.ಇ. ಎಂದು ಹಾಕಿಸುವುದಾದರೆ ಪಕ್ಕದಲ್ಲಿ ಟೆಕ್ಸಾಸ್ ಎಂದು ಸೇರಿಸಿ.